ಕುಚ್ಚಲಕ್ಕಿ, ಕಣಿಲೆ, ಕಷಾಯ: ಕರಾವಳಿಯ ಊಟ ದೇಹದಲ್ಲಿ ಮಾಡುವ ಕೆಲಸ

ಉಡುಪಿ, ಮಂಗಳೂರಿನ ಸುತ್ತಮುತ್ತಲಿನ ಮನೆಗಳಲ್ಲಿ ಜ್ವರ ಬಂದವರಿಗೂ ಗಂಜಿ, ಜ್ವರ ಬಿಟ್ಟವರಿಗೂ ಗಂಜಿ. ಗದ್ದೆಗೆ ಇಳಿಯುವವರಿಗೂ ಗಂಜಿ, ಮದುವೆಯೂಟ ಉಂಡು ಹೊಟ್ಟೆ ಭಾರ ಮಾಡಿಕೊಂಡವರಿಗೆ ಅಂದಿನ ರಾತ್ರಿಗೂ ಗಂಜಿ. ಇಷ್ಟು ನಂಬಿಕೆಯ ಆಹಾರದ ಬಗ್ಗೆಯೇ ಈಗ ಮನೆಮನೆಯಲ್ಲಿ ಗೊಂದಲ ಎದ್ದಿದೆ. ರಕ್ತದಲ್ಲಿ ಸಕ್ಕರೆಯ ಅಂಶ ಹೆಚ್ಚಾಗಿದೆ ಎಂದು ತಿಳಿದ ದಿನದಿಂದ ಒಬ್ಬರು "ಕುಚ್ಚಲಕ್ಕಿಯಾದರೆ ಎಷ್ಟು ಉಂಡರೂ ತೊಂದರೆ ಇಲ್ಲ" ಎನ್ನುತ್ತಾರೆ, ಇನ್ನೊಬ್ಬರು "ಅನ್ನವನ್ನು ಬಿಟ್ಟೇ ಬಿಡಿ, ಚಪಾತಿ ತಿನ್ನಿ" ಎನ್ನುತ್ತಾರೆ. ಆಹಾರವನ್ನು ಔಷಧವೆಂದೋ ವಿಷವೆಂದೋ ನೋಡುವ ಒಂದೇ ತಪ್ಪು ಈ ಎರಡೂ ಮಾತುಗಳಲ್ಲಿದೆ. ಒಂದು ಪದಾರ್ಥ ದೇಹಕ್ಕೆ ಒಗ್ಗುತ್ತದೆಯೋ ಇಲ್ಲವೋ ಎಂಬುದನ್ನು ಅದನ್ನು ಹದ ಮಾಡಿದ ಕ್ರಮ, ಬಡಿಸಿಕೊಂಡ ಅಳತೆ, ಜೊತೆಗೆ ಬಾಳೆಲೆಯಲ್ಲಿ ಇನ್ನೇನಿತ್ತು ಎಂಬುದು ಮತ್ತು ಉಂಡ ಮೇಲೆ ಮೈ ಎಷ್ಟು ದುಡಿಯಿತು ಎಂಬುದು ಒಟ್ಟಾಗಿ ತೀರ್ಮಾನಿಸುತ್ತವೆ. ನಮ್ಮ ಅಡುಗೆಮನೆಯ ಒಂದೊಂದೇ ಪದಾರ್ಥವನ್ನು ಹಿಡಿದು ಇದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಅಕ್ಕಿಯಿಂದಲೇ ಆರಂಭಿಸೋಣ. ಬೆಳ್ತಿಗೆ ಅಕ್ಕಿ ಎಂದರೆ ಬೇಯಿಸದ ಭತ್ತವನ್ನು ನೇರವಾಗಿ ಮಿಲ್ಲಿಗೆ ಹಾಕಿ ತೆಗೆದದ್ದು. ಕುಚ್ಚಲಕ್ಕಿಯಾದರೋ ಭತ್ತವನ್ನು ಸಿಪ್ಪೆಯ ಸಮೇತ ನೀರಿನಲ್ಲಿ ನೆನೆಸಿ, ಹಂಡೆಯಲ್ಲಿಯೋ ಮಿಲ್ಲಿನ ಹಬೆಯಲ್ಲಿಯೋ ಸಿಪ್ಪೆ ಸ್ವಲ್ಪ ಬಾಯಿ ಬಿಡುವವರೆಗೆ ಬೇಯಿಸಿ, ಅಂಗಳದ ಬಿಸಿಲಿನಲ್ಲಿ ಒಣಗಿಸಿದ ನಂತರ ಅಕ್ಕಿ ಮಾಡಿದ್ದು. ಹಿಂದಿನವರು ಇದನ್ನು ಮಾಡಿದ್ದು ಅಕ್ಕಿ ನುಚ್ಚಾಗಬಾರದು, ಮಳೆಗಾಲದ ತೇವಕ್ಕೆ ಹುಳು ಹಿಡಿಯಬಾರದು ಎಂಬ ಕಾರಣಕ್ಕಿರಬಹುದು; ಆದರೆ ಹಂಡೆಯೊಳಗೆ ಅದಕ್ಕಿಂತ ದೊಡ್ಡ ಎರಡು ಕೆಲಸಗಳು ನಡೆಯುತ್ತವೆ. ಅಕ್ಕಿಯ ಹೊರಪದರವಾದ ತೌಡಿನಲ್ಲಿ ಬಿ ಗುಂಪಿನ ವಿಟಮಿನ್‌ಗಳಿರುತ್ತವೆ. ಭತ್ತ ನೆನೆದು ಬೇಯುವಾಗ ಅವು ನೀರಿನಲ್ಲಿ ಕರಗಿ ಕಾಳಿನ ಒಳಭಾಗಕ್ಕೆ ಇಳಿಯುತ್ತವೆ. ಮುಂದೆ ಮಿಲ್ಲಿನಲ್ಲಿ ತೌಡು ಒಂದಿಷ್ಟು ಉದುರಿ ಹೋದರೂ ಅದರ ಸತ್ವದ ಒಂದು ಪಾಲು ಅಕ್ಕಿಯಲ್ಲಿಯೇ ಉಳಿದುಕೊಳ್ಳುತ್ತದೆ. ಎರಡನೆಯದು ಪಿಷ್ಟಕ್ಕೆ ಸಂಬಂಧಿಸಿದ್ದು. ಕಾಳಿನೊಳಗಿನ ಪಿಷ್ಟ ಬೇಯುವಾಗ ಊದಿಕೊಂಡು ಅಂಟಾಗುತ್ತದೆ, ಆರಿ ಒಣಗುವಾಗ ಮತ್ತೆ ಬಿಗಿದುಕೊಂಡು ಗಟ್ಟಿಯಾಗುತ್ತದೆ. ಕುಚ್ಚಲಕ್ಕಿ ಬೇಯುವುದಕ್ಕೆ ಬೆಳ್ತಿಗೆಗಿಂತ ಹೆಚ್ಚು ಹೊತ್ತು ಬೇಕಾಗುವುದೂ, ಎಷ್ಟು ಬೇಯಿಸಿದರೂ ಕಾಳು ಬಿಡಿಬಿಡಿಯಾಗಿ ಉಳಿಯುವುದೂ ಇದರಿಂದಲೇ.

ತೌಡಿನ ಸತ್ವ ಎಷ್ಟು ಮುಖ್ಯ ಎಂಬುದು ವಿಜ್ಞಾನಕ್ಕೆ ತಿಳಿದದ್ದು ಕೋಳಿಗಳಿಂದ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಕೆಲಸ ಮಾಡುತ್ತಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್, ಪಾಲಿಶ್ ಮಾಡಿದ ಬಿಳಿ ಅಕ್ಕಿಯನ್ನೇ ತಿನ್ನುತ್ತಿದ್ದ ಕೋಳಿಗಳ ಕಾಲುಗಳು ಸೋತು ಬೀಳುವುದನ್ನೂ, ತೌಡಿರುವ ಅಕ್ಕಿ ಹಾಕತೊಡಗಿದಾಗ ಅವು ಎದ್ದು ಓಡಾಡುವುದನ್ನೂ ಗಮನಿಸಿದರು. ಮನುಷ್ಯರಲ್ಲಿ ನರ ಮತ್ತು ಹೃದಯವನ್ನು ಕೆಡಿಸುತ್ತಿದ್ದ ಬೆರಿಬೆರಿ ಎಂಬ ರೋಗದ ಮೂಲ ಅಲ್ಲಿ ಸಿಕ್ಕಿತು. ಆ ಕೆಲಸಕ್ಕಾಗಿ ಅವರಿಗೆ 1929ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಕೊರತೆಯಾಗಿದ್ದ ವಸ್ತುವನ್ನು ನಾವೀಗ ಥಯಮಿನ್, ಅಂದರೆ ಬಿ1 ವಿಟಮಿನ್ ಎಂದು ಕರೆಯುತ್ತೇವೆ. ನಮ್ಮ ದೇಶದಲ್ಲಿಯೂ ಇದೇ ರೋಗದ ಶೋಧಕ್ಕಾಗಿ 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಬ್ರಿಟಿಷ್ ವೈದ್ಯ ರಾಬರ್ಟ್ ಮೆಕ್‌ಕ್ಯಾರಿಸನ್ ಒಂದೇ ಕೋಣೆಯ ಪ್ರಯೋಗಾಲಯವನ್ನು ಆರಂಭಿಸಿದರು. ಆಗಿನ ಮದರಾಸು ಪ್ರಾಂತ್ಯದಲ್ಲಿ ಬೆರಿಬೆರಿ ಹೆಚ್ಚಾಗಿ ಕಾಣಿಸುತ್ತಿದ್ದದ್ದು ಬೇಯಿಸದ ಭತ್ತದ ಬಿಳಿ ಅಕ್ಕಿಯನ್ನು ಉಣ್ಣುತ್ತಿದ್ದ ಉತ್ತರದ ತೆಲುಗು ಕರಾವಳಿಯಲ್ಲಿ. ಬೇಯಿಸಿದ ಭತ್ತದ ಅಕ್ಕಿಯನ್ನು ಉಣ್ಣುವವರನ್ನು ಆ ಒಂದು ಹಂಡೆಯ ಬಿಸಿನೀರು ಕಾಪಾಡುತ್ತಿತ್ತು. ಕೂನೂರಿನ ಆ ಪ್ರಯೋಗಾಲಯವೇ ಬೆಳೆದು 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು ಇಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ.

ಅಂಗಡಿಯಲ್ಲಿ ಕುಚ್ಚಲಕ್ಕಿ ಎಂಬ ಒಂದೇ ಹೆಸರಿನಲ್ಲಿ ಹಲವು ಬಗೆಗಳು ಸಿಗುತ್ತವೆ. ಕಜೆ ಅಕ್ಕಿ, ನಮ್ಮ ಗದ್ದೆಗಳಲ್ಲಿ ಹೆಚ್ಚಾಗಿ ಬೆಳೆಯುವ ಎಂಒ-4 ತಳಿಯ ಕೆಂಪು ಅಕ್ಕಿ, ಹೆಚ್ಚು ಪಾಲಿಶ್ ಆಗಿ ಬಿಳಿಚಿಕೊಂಡದ್ದು, ಹೀಗೆ. ಕೆಂಪು ತಳಿಗಳಲ್ಲಿ ಬಣ್ಣ ಇರುವುದು ತೌಡಿನ ಪದರದಲ್ಲಿ. ಆದ್ದರಿಂದ ಕಾಳಿನ ಮೈಮೇಲೆ ಕೆಂಪು ಗೀರುಗಳು ದಟ್ಟವಾಗಿ ಕಂಡಷ್ಟೂ ನಾರು ಮತ್ತು ಕಬ್ಬಿಣ, ಮೆಗ್ನೀಷಿಯಂನಂತಹ ಖನಿಜಗಳು ಹೆಚ್ಚು ಉಳಿದಿವೆ ಎಂದು ತಿಳಿಯಬಹುದು. ಹೊಟ್ಟೆ ಕಟ್ಟಿಕೊಳ್ಳುವ ತೊಂದರೆ ಇರುವವರಿಗೆ ಈ ನಾರು ಪುಡಿ, ಮಾತ್ರೆಗಳಿಗಿಂತ ಮೊದಲು ನೋಡಬೇಕಾದ ದಾರಿ.

ಇನ್ನು ಸಕ್ಕರೆಯ ಪ್ರಶ್ನೆ. ಬಿಗಿದುಕೊಂಡ ಪಿಷ್ಟವನ್ನು ಕರುಳಿನ ಕಿಣ್ವಗಳು ಒಡೆಯಲು ಸ್ವಲ್ಪ ಹೆಚ್ಚು ಸಮಯ ಹಿಡಿಯುವುದರಿಂದ ಕುಚ್ಚಲಕ್ಕಿಯ ಅನ್ನ ಉಂಡಾಗ ರಕ್ತದ ಸಕ್ಕರೆ ಮೆತ್ತನೆಯ ಬಿಳಿ ಅನ್ನ ಉಂಡಾಗ ಏರುವುದಕ್ಕಿಂತ ಸಾಮಾನ್ಯವಾಗಿ ನಿಧಾನವಾಗಿ ಏರುತ್ತದೆ. ಇಲ್ಲಿಯವರೆಗೆ ಮಾತು ಸರಿ. ಆದರೆ ನಿಧಾನವಾಗಿ ಏರಿದರೂ ಏರುವುದು ನಿಜ, ಏಕೆಂದರೆ ಯಾವುದೇ ಅಕ್ಕಿಯ 100 ಗ್ರಾಂನಲ್ಲಿ ಮುಕ್ಕಾಲು ಪಾಲು ಪಿಷ್ಟವೇ. ಅಷ್ಟೇ ತೂಕದ ಗೋಧಿಯಲ್ಲಿಯೂ ಪಿಷ್ಟವೇ ದೊಡ್ಡ ಪಾಲು. ಅನ್ನ ಬಿಟ್ಟು ಐದು ಚಪಾತಿ ತಿಂದವರಿಗೆ ಲಾಭವೇನೂ ಆಗುವುದಿಲ್ಲ. ಕುಚ್ಚಲಕ್ಕಿಯ ಒಳ್ಳೆಯತನ ಅಳತೆಯೊಳಗೆ ಉಂಡವರಿಗೆ ಮಾತ್ರ ದಕ್ಕುತ್ತದೆ. ಅದೇ ಕುಚ್ಚಲಕ್ಕಿಯನ್ನು ನೆನೆಸಿ ನುಣ್ಣಗೆ ರುಬ್ಬಿ ಒತ್ತು ಶ್ಯಾವಿಗೆ ಮಾಡಿದರೆ, ಒಡೆಯದ ಕಾಳು ಕೊಡುತ್ತಿದ್ದ ತಡೆ ಹೊರಟುಹೋಗುತ್ತದೆ ಎಂಬುದನ್ನೂ ಗಮನದಲ್ಲಿ ಇಟ್ಟುಕೊಳ್ಳಬೇಕು.

ಗಂಜಿಯ ಜಾಣ್ಮೆ ಇರುವುದು ಇಲ್ಲಿಯೇ. ಅನ್ನ ಬಸಿದ ನೀರನ್ನು, ಅಂದರೆ ತೆಳಿಯನ್ನು, ಅಕ್ಕಚ್ಚಿನೊಂದಿಗೆ ಹಟ್ಟಿಗೆ ಹಾಕಿದರೆ ನೀರಿನಲ್ಲಿ ಕರಗಿದ ಬಿ ವಿಟಮಿನ್‌ಗಳ ಒಂದು ಪಾಲು ದನದ ಹೊಟ್ಟೆ ಸೇರುತ್ತದೆ. ಗಂಜಿಯಲ್ಲಿ ತೆಳಿ ಬಟ್ಟಲಿನಲ್ಲಿಯೇ ಇರುತ್ತದೆ. ಅರ್ಧ ಬಟ್ಟಲು ನೀರೇ ಇರುವುದರಿಂದ ಅದೇ ಬಟ್ಟಲಿನ ತುಂಬಾ ಅನ್ನ ಉಂಡಾಗ ಹೋಗುವುದಕ್ಕಿಂತ ಕಡಿಮೆ ಅಕ್ಕಿ ಹೊಟ್ಟೆಗೆ ಹೋಗುತ್ತದೆ, ಹೊಟ್ಟೆ ಮಾತ್ರ ತುಂಬುತ್ತದೆ. ಮಾರ್ಚಿನಿಂದ ಮೇ ತಿಂಗಳವರೆಗೆ ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಸುರಿಯುತ್ತಲೇ ಇರುತ್ತದೆ. ಅದರೊಂದಿಗೆ ನೀರು, ಉಪ್ಪು ಎರಡೂ ದೇಹದಿಂದ ಹೊರಟುಹೋಗುತ್ತವೆ. ಚಿಟಿಕೆ ಉಪ್ಪು ಹಾಕಿದ ಗಂಜಿ ತೆಳಿ ಈ ಎರಡನ್ನೂ ತುಂಬಿಕೊಡುತ್ತದೆ. ವಾಂತಿಭೇದಿಯಾದಾಗ ಗಂಜಿ ನೀರು ಕುಡಿಸುವ ಪದ್ಧತಿಗೂ ಗಟ್ಟಿಯಾದ ಆಧಾರವಿದೆ: ಪಿಷ್ಟ ಒಡೆದು ಬರುವ ಗ್ಲೂಕೋಸ್ ಕರುಳಿನ ಗೋಡೆಯನ್ನು ದಾಟುವಾಗ ಸೋಡಿಯಂ ಮತ್ತು ನೀರನ್ನು ತನ್ನ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಓಆರ್‌ಎಸ್ ಪೊಟ್ಟಣ ಕೆಲಸ ಮಾಡುವುದೂ ಇದೇ ತತ್ವದ ಮೇಲೆ. ಚಿಕ್ಕ ಮಕ್ಕಳಿಗೆ ಭೇದಿ ಜೋರಾಗಿದ್ದರೆ ಅಳತೆ ನಿಖರವಾಗಿರುವ ಓಆರ್‌ಎಸ್ಸೇ ಬೇಕು. ಅದನ್ನು ತರುವವರೆಗೆ ಉಪ್ಪು ಹಾಕಿದ ತೆಳಿಯನ್ನು ಕೊಡುತ್ತಿರಬಹುದು.

ರಾತ್ರಿಯ ಅನ್ನಕ್ಕೆ ನೀರು ಹಾಕಿಟ್ಟು ಬೆಳಿಗ್ಗೆ ಮಜ್ಜಿಗೆ, ಹಸಿಮೆಣಸು ಸೇರಿಸಿ ಉಣ್ಣುವ ತಂಗಳನ್ನದ ಬಗ್ಗೆ ಈಗ ಬಹಳ ಹೊಗಳಿಕೆ ಕೇಳಿಬರುತ್ತಿದೆ. ನೀರಿನಲ್ಲಿ ಮುಳುಗಿದ ಅನ್ನದಲ್ಲಿ ಲ್ಯಾಕ್ಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾಗಳು ಬೆಳೆದು ಅದಕ್ಕೆ ಹದವಾದ ಹುಳಿ ಬರುವುದೂ, ಆರಿದ ಅನ್ನದಲ್ಲಿ ಸುಲಭವಾಗಿ ಜೀರ್ಣವಾಗದ ಪಿಷ್ಟ ಸ್ವಲ್ಪ ಹೆಚ್ಚುವುದೂ ನಿಜ. ಆದರೆ ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಬೀಜಾಣುಗಳು ಇರುತ್ತವೆ. ಅವು ಬೇಯಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನವನ್ನು ನೀರು ಹಾಕದೆ, ಮುಚ್ಚಿ, ಗಂಟೆಗಟ್ಟಲೆ ಹಾಗೆಯೇ ಬಿಟ್ಟರೆ ಅವು ಮೊಳೆತು ವಾಂತಿ ತರಿಸುವ ವಿಷವನ್ನು ಉಂಟುಮಾಡುತ್ತವೆ, ಮತ್ತು ಆ ವಿಷ ಮರಳಿ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ತಂಗಳನ್ನ ಬೇಕೆನ್ನುವವರು ಅನ್ನವನ್ನು ಬೇಗ ಆರಿಸಿ, ಶುದ್ಧ ನೀರಿನಲ್ಲಿ ಪೂರ್ತಿ ಮುಳುಗಿಸಿಟ್ಟು ಬೆಳಿಗ್ಗೆಯೇ ಉಂಡು ಮುಗಿಸಬೇಕು. ಉಳಿದ ಅನ್ನಕ್ಕೆ ಫ್ರಿಜ್ಜೇ ಸರಿಯಾದ ಜಾಗ.

ಗಂಜಿಯ ಬಗ್ಗೆ ಇಷ್ಟು ಹೇಳಿದ ಮೇಲೆ ಅದರ ಕೊರತೆಯನ್ನೂ ಹೇಳಬೇಕಾಗುತ್ತದೆ. ಅಕ್ಕಿಯಲ್ಲಿ ಪ್ರೋಟೀನ್ ನೂರಕ್ಕೆ ಏಳೆಂಟು ಪಾಲು ಮಾತ್ರ, ಅದರಲ್ಲಿಯೂ ಲೈಸಿನ್ ಎಂಬ ಅಮೈನೋ ಆಮ್ಲ ಸಾಲದು. ಬೇಳೆಕಾಳುಗಳಲ್ಲಿ ಲೈಸಿನ್ ಧಾರಾಳವಾಗಿದೆ, ಅವುಗಳಲ್ಲಿ ಕಡಿಮೆ ಇರುವುದು ಅಕ್ಕಿಯಲ್ಲಿದೆ. ಗಂಜಿಯ ಜೊತೆ ಹುರುಳಿ ಚಟ್ನಿ, ಮೊಳಕೆ ಬರಿಸಿದ ಹೆಸರುಕಾಳಿನ ಪಲ್ಯ, ಅಲಸಂಡೆ ಬೀಜದ ಗಸಿ ಅಥವಾ ಒಂದು ತುಂಡು ಮೀನು ಇದ್ದರೆ ಊಟ ಪೂರ್ಣವಾಗುತ್ತದೆ. ಬರಿಯ ಗಂಜಿ ಮತ್ತು ಉಪ್ಪಿನಕಾಯಿಯಾದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಹಿಂದಿನ ಕಾಲದವರೆಲ್ಲ ಗಟ್ಟಿಮುಟ್ಟಾಗಿದ್ದರು ಎಂಬ ಮಾತನ್ನು ನಾನು ಒಪ್ಪಲಾರೆ. ಮನೆಯವರೆಲ್ಲ ಉಂಡ ಮೇಲೆ ತಳದಲ್ಲಿ ಉಳಿದ ಗಂಜಿಯನ್ನು ಮಾವಿನ ಮಿಡಿಯೊಂದಿಗೆ ಉಂಡು ಏಳುತ್ತಿದ್ದ ಹೆಂಗಸರನ್ನು ನೋಡಿದವರು ನಾವು. ರಕ್ತಹೀನತೆಯಿಂದ ಬಿಳಿಚಿಕೊಂಡ ಅವರ ಮುಖಗಳು ಆ ಕಾಲದ ಆರೋಗ್ಯದ ಲೆಕ್ಕದಲ್ಲಿ ಸೇರಬೇಕು. ಹುರುಳಿ, ಸೊಪ್ಪುಗಳ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ಸಿ ವಿಟಮಿನ್ ನೆರವಾಗುತ್ತದೆ, ಊಟದ ಬೆನ್ನಿಗೆ ಕುಡಿಯುವ ಚಹಾ ಅಡ್ಡಿಯಾಗುತ್ತದೆ. ಹೆಣ್ಣುಮಕ್ಕಳಿರುವ ಮನೆಯಲ್ಲಿ ಹುರುಳಿ ಸಾರಿಗೆ ಲಿಂಬೆ ಹಿಂಡುವುದು, ಊಟದೊಂದಿಗೆ ಒಂದು ನೆಲ್ಲಿಕಾಯಿ ತಿನ್ನುವುದು, ಚಹಾವನ್ನು ಒಂದು ಗಂಟೆ ಮುಂದೆ ಹಾಕುವುದು, ಇಷ್ಟು ಬದಲಾವಣೆಗೆ ಖರ್ಚೇನೂ ಇಲ್ಲ.

ಆಟಿ ತಿಂಗಳಿನ ತಿನಿಸುಗಳಿಗೆ ಬಂದರೆ, ಹದ ಮಾಡುವ ಕ್ರಮವೇ ಆಹಾರ ಎಂಬ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಈ ತಿಂಗಳಲ್ಲಿ ಗದ್ದೆಯ ಕೆಲಸ ಮುಗಿದು, ಮಳೆ ಬಿಡದೆ ಹೊಯ್ದು, ಮನೆಯಲ್ಲಿ ಭತ್ತ ತೀರುತ್ತಿದ್ದ ಕಾಲವೊಂದಿತ್ತು. ಆಗ ಕೈಗೆ ಸಿಗುತ್ತಿದ್ದದ್ದು ಗುಡ್ಡ ಮತ್ತು ಬೇಲಿಯ ಬದಿಯ ಸೊಪ್ಪು, ಚಿಗುರು, ಗೆಡ್ಡೆಗಳು. ಅವುಗಳಲ್ಲಿ ಕಣಿಲೆ, ಅಂದರೆ ಎಳೆಬಿದಿರಿನ ಮೊಳಕೆ, ಮುಖ್ಯವಾದುದು. ನಮ್ಮ ಅಜ್ಜಿ ಅದನ್ನು ತೆಳ್ಳಗೆ ಬಿಲ್ಲೆಗಳಾಗಿ ಹೆಚ್ಚಿ ನೀರಿನಲ್ಲಿ ಹಾಕಿದ ಮೇಲೆ ಮೂರು ದಿನ ಅಡುಗೆಗೆ ಮುಟ್ಟಲು ಬಿಡುತ್ತಿರಲಿಲ್ಲ. ದಿನಕ್ಕೊಮ್ಮೆ ನೀರು ಚೆಲ್ಲಿ ಹೊಸ ನೀರು ಹಾಕುವುದೂ ತಪ್ಪುತ್ತಿರಲಿಲ್ಲ. ಕಾರಣ ಕೇಳಿದರೆ "ನಂಜು" ಎಂಬ ಒಂದೇ ಶಬ್ದ. ಆ ಶಬ್ದ ಅಕ್ಷರಶಃ ಸತ್ಯ. ಹಸಿ ಕಣಿಲೆಯಲ್ಲಿರುವ ಒಂದು ವಸ್ತು, ಅಂಗಾಂಶ ಒಡೆದಾಗ, ಸಯನೈಡನ್ನು ಬಿಡುಗಡೆ ಮಾಡುತ್ತದೆ. ತೆಳ್ಳಗೆ ಹೆಚ್ಚಿದಾಗ ಅದು ಒಡೆದು ಹೊರಬರುತ್ತದೆ, ನೆನೆಸಿದ ನೀರಿಗೆ ಇಳಿಯುತ್ತದೆ, ನೀರು ಬದಲಾಯಿಸಿದಾಗ ಹೊರಹೋಗುತ್ತದೆ, ಉಳಿದ ಅಲ್ಪಸ್ವಲ್ಪ ತೆರೆದ ಪಾತ್ರೆಯಲ್ಲಿ ಚೆನ್ನಾಗಿ ಬೇಯಿಸಿದಾಗ ಆವಿಯೊಂದಿಗೆ ಹೋಗುತ್ತದೆ. ಈಗ ಸಂತೆಯಲ್ಲಿ ಹೆಚ್ಚಿದ ಕಣಿಲೆಯೇ ಸಿಗುತ್ತದೆ. ಅದು ಎಷ್ಟು ದಿನ ನೆನೆದದ್ದು ಎಂದು ಕೇಳದೆ ತರಬಾರದು. ನಾನಂತೂ ಮನೆಗೆ ತಂದ ಮೇಲೆ ಇನ್ನೊಂದು ದಿನ ನೆನೆಸಿ, ಮೊದಲು ಬೇಯಿಸಿದ ನೀರನ್ನೂ ಚೆಲ್ಲಿ, ಆಮೇಲೆಯೇ ಹೆಸರುಕಾಳಿನೊಂದಿಗೆ ಗಸಿಗೆ ಹಾಕುತ್ತೇನೆ.

ಪತ್ರೊಡೆಯ ಕೆಸುವಿನ ಎಲೆಯದು ಬೇರೆ ಬಗೆಯ ತೊಡಕು. ಎಲೆಯೊಳಗೆ ಸೂಜಿಯಂತೆ ಚೂಪಾದ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಗಂಟಲು ತುರಿಸುವುದು ಅವು ಚುಚ್ಚುವುದರಿಂದ. ಅಕ್ಕಿಹಿಟ್ಟಿಗೆ ಹುಣಸೆಹುಳಿಯನ್ನು ಧಾರಾಳವಾಗಿ ಹಾಕುವುದು, ಸುರುಳಿ ಸುತ್ತಿ ಗಂಟೆ ಹೊತ್ತು ಹಬೆಯಲ್ಲಿ ಬೇಯಿಸುವುದು, ಎರಡೂ ಸೇರಿ ಆ ತುರಿಕೆಯನ್ನು ತಗ್ಗಿಸುತ್ತವೆ. ಕೆಸು, ಬಸಳೆ, ಹರಿವೆಯಂತಹ ಎಲೆಗಳಲ್ಲಿ ನೀರಿನಲ್ಲಿ ಕರಗುವ ಆಕ್ಸಲೇಟೂ ಇರುತ್ತದೆ. ಅದು ರಕ್ತಕ್ಕೆ ಸೇರಿ ಮೂತ್ರದಲ್ಲಿ ಹೋಗುವಾಗ ಕೆಲವರಲ್ಲಿ ಕಲ್ಲಾಗುತ್ತದೆ. ಮಜ್ಜಿಗೆ, ಮೊಸರಿನ ಕ್ಯಾಲ್ಸಿಯಂ ಜೊತೆಗಿದ್ದರೆ ಎರಡೂ ಕರುಳಿನಲ್ಲಿಯೇ ಕೂಡಿಕೊಂಡು ಮಲದಲ್ಲಿ ಹೊರಹೋಗುತ್ತವೆ. ಸೊಪ್ಪನ್ನು ಕಾಯಿತುರಿಯೊಂದಿಗೆ ರುಬ್ಬಿ ಮಜ್ಜಿಗೆಗೆ ಕಲಸುವ ತಂಬುಳಿಯಲ್ಲಿ ಈ ಹೊಂದಾಣಿಕೆ ತಾನಾಗಿಯೇ ಆಗಿದೆ. ತಿಮರೆ, ಅಂದರೆ ಒಂದೆಲಗದ ತಂಬುಳಿಯಿಂದ ಮಕ್ಕಳ ನೆನಪಿನ ಶಕ್ತಿ ಹೆಚ್ಚುತ್ತದೆ ಎಂದು ಭರವಸೆ ಕೊಡುವಷ್ಟು ಆಧಾರ ಇಲ್ಲದಿದ್ದರೂ, ಬೇಸಗೆಯ ಮಧ್ಯಾಹ್ನ ಒಂದು ಸೌಟು ಅನ್ನ ಕಡಿಮೆ ಮಾಡಿ ಒಂದು ಲೋಟ ತಂಬುಳಿ ಕುಡಿಯುವುದಕ್ಕೆ ಬೇರೆ ಕಾರಣಗಳೇ ಸಾಕು. ತಿಮರೆ ಬೆಳೆಯುವುದು ತೋಡಿನ ಬದಿಯ ಒದ್ದೆ ನೆಲದಲ್ಲಿ, ರುಬ್ಬುವುದು ಹಸಿಯಾಗಿ. ಆದ್ದರಿಂದ ಕೊಳಚೆ ಹರಿಯುವ ಜಾಗದ್ದನ್ನು ಕೀಳದೆ, ಒಳ್ಳೆಯ ನೀರಿನಲ್ಲಿ ನಾಲ್ಕು ಸಲ ತೊಳೆದು ಬಳಸಬೇಕು.

ಆಟಿ ಅಮಾವಾಸ್ಯೆಯ ಕಷಾಯದ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಎಚ್ಚರಿಕೆ ಹೇಳಬೇಕಾಗಿದೆ. ಸೂರ್ಯ ಮೂಡುವ ಮೊದಲು ಹಾಲೆ ಮರದ, ತುಳುವಿನಲ್ಲಿ ಪಾಲೆ ಮರದ, ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು, ಅರೆದು, ರಸ ಹಿಂಡಿ, ಓಮ, ಕಾಳುಮೆಣಸು, ಬೆಳ್ಳುಳ್ಳಿ ಸೇರಿಸಿ, ಕೆಂಪಗೆ ಕಾಯಿಸಿದ ಬಿಳಿಕಲ್ಲನ್ನು ಅದರಲ್ಲಿ ಮುಳುಗಿಸಿ ಕುಡಿಯುವ ಈ ಕಷಾಯ, ಆಮೇಲೆ ಉಣ್ಣುವ ಮೆಂತೆ ಗಂಜಿ, ಎರಡೂ ತುಳುನಾಡಿನ ಮನೆಮನೆಯ ಆಚರಣೆ. ವರ್ಷಕ್ಕೊಂದು ದಿನ, ಗುಟುಕಿನ ಲೆಕ್ಕದಲ್ಲಿ ಕುಡಿಯುವ ಕಟ್ಟುಪಾಡನ್ನು ಹಿರಿಯರು ಹಾಕಿದ್ದರು. ಅಪಾಯ ಇರುವುದು ಕತ್ತಲೆಯಲ್ಲಿ ಮರ ತಪ್ಪುವುದರಲ್ಲಿ. ಕರಾವಳಿಯ ಅದೇ ಕಾಡುಗಳಲ್ಲಿ ಬೆಳೆಯುವ ಕಾಸರಕದ ಮರದ ಬೀಜ ಮತ್ತು ತೊಗಟೆಯಲ್ಲಿ ಸ್ಟ್ರಿಕ್ನಿನ್ ಎಂಬ, ಸೆಳವು ತರಿಸಿ ಉಸಿರು ನಿಲ್ಲಿಸಬಲ್ಲ ವಿಷವಿದೆ. ಹಾಲೆಯ ತೊಗಟೆಗೆ ಗಾಯವಾದರೆ ಬಿಳಿ ಹಾಲು ಒಸರುತ್ತದೆ, ಅದರ ಎಲೆಗಳು ಒಂದೇ ಗಂಟಿನ ಸುತ್ತ ಏಳರ ಆಸುಪಾಸಿನಲ್ಲಿ ಚಕ್ರದಂತೆ ಹರಡಿಕೊಂಡಿರುತ್ತವೆ. ಅದಕ್ಕೆಂದೇ ಸಂಸ್ಕೃತದಲ್ಲಿ ಸಪ್ತಪರ್ಣ ಎಂಬ ಹೆಸರು. ಕಾಸರಕದಲ್ಲಿ ಹಾಲಿಲ್ಲ, ಎಲೆಗಳು ಎದುರುಬದುರಾಗಿ ಎರಡೆರಡು ಇದ್ದು ಬುಡದಿಂದಲೇ ದಪ್ಪ ನರಗಳು ಹೊರಡುತ್ತವೆ. ಮರವನ್ನು ಹಿಂದಿನ ದಿನ ಹಗಲಿನಲ್ಲಿಯೇ, ಬಲ್ಲವರನ್ನು ಕರೆದುಕೊಂಡು ಹೋಗಿ ಗುರುತಿಸಿ, ದಾರ ಕಟ್ಟಿ ಬರಬೇಕು. ಗುರುತು ಖಚಿತವಿಲ್ಲದಿದ್ದರೆ ಆ ವರ್ಷ ಮೆಂತೆ ಗಂಜಿಯಷ್ಟನ್ನೇ ಉಣ್ಣುವುದು ಲೇಸು. ಗರ್ಭಿಣಿಯರಿಗೆ ಮತ್ತು ಚಿಕ್ಕ ಮಕ್ಕಳಿಗೆ ಈ ಕಷಾಯವನ್ನು ಕೊಡದಿರುವುದೇ ಸರಿ.

ನೈಸರ್ಗಿಕ ಎಂಬ ಕಾರಣಕ್ಕೆ ಅಳತೆ ಮೀರಿದರೆ ಏನಾಗುತ್ತದೆ ಎಂಬುದಕ್ಕೆ ಹಿತ್ತಿಲಿನ ಬಿಂಬುಳಿಯೇ ಸಾಕ್ಷಿ. ಮೀನಿನ ಪುಳಿಮುಂಚಿಗೆ ನಾಲ್ಕು, ಉಪ್ಪಿನಕಾಯಿಗೆ ಒಂದು ಬೊಗಸೆ ಹಾಕುತ್ತಿದ್ದ ಈ ಹುಳಿಕಾಯಿಯ ರಸವನ್ನು ಕೊಲೆಸ್ಟ್ರಾಲ್ ಇಳಿಯಲೆಂದು ಹಸಿಯಾಗಿ ಲೋಟಗಟ್ಟಲೆ ಕುಡಿದವರ ಮೂತ್ರಪಿಂಡಗಳು ಕೆಲವೇ ದಿನಗಳಲ್ಲಿ ಕೆಲಸ ನಿಲ್ಲಿಸಿದ ಪ್ರಕರಣಗಳನ್ನು ನೆರೆಯ ಕೇರಳದ ವೈದ್ಯರು ದಾಖಲಿಸಿದ್ದಾರೆ. ಕಾರಣ ಮತ್ತೆ ಅದೇ ಆಕ್ಸಲೇಟ್. ಪುನರ್ಪುಳಿಯ, ಅಂದರೆ ಕೋಕಂನ, ಶರಬತ್ತಿಗೆ ಅಂತಹ ದೋಷವಿಲ್ಲ. ಆದರೆ ಅಂಗಡಿಯ ಬಾಟಲಿಯ ಪಾಕದಲ್ಲಿ ಹೆಚ್ಚಿನ ಪಾಲು ಸಕ್ಕರೆಯೇ ಇರುತ್ತದೆ. ಒಣಗಿಸಿದ ಸಿಪ್ಪೆಯನ್ನು ನೆನೆಸಿ, ಉಪ್ಪು, ಜೀರಿಗೆ ಹಾಕಿ ಕುಡಿದರೆ ಅದು ಬಾಯಾರಿಕೆಗೆ ಒಳ್ಳೆಯದು. ಅದರಿಂದ ಬೊಜ್ಜು ಕರಗುತ್ತದೆ ಎಂದು ಮಾರುವ ಮಾತ್ರೆಗಳನ್ನು ಮುಟ್ಟಬೇಡಿ.

ಕರಾವಳಿಯ ಊಟದಲ್ಲಿ ನಿಜವಾಗಿ ತಿದ್ದಿಕೊಳ್ಳಬೇಕಾದದ್ದು ಉಪ್ಪು. ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಚಹಾ ಚಮಚದಷ್ಟು ಉಪ್ಪು ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ ಹೇಳುತ್ತವೆ. ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗೆ ಒಣಮೀನು, ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ತೊಳೆ (ಉಪ್ಪಡಚ್ಚಿಲ್), ಮಾವಿನಕಾಯಿ, ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ ಎಲ್ಲವೂ ಒಟ್ಟಿಗೆ ಊಟಕ್ಕೆ ಬರುತ್ತವೆ. ಕೆಡದಂತೆ ಇಡುವ ಉಪಾಯವಾಗಿ ಇವು ಹುಟ್ಟಿದವು. ಬೆವರು ಸುರಿಸಿ ದುಡಿಯುವವರಿಗೆ ಆ ಉಪ್ಪು ಅಷ್ಟಾಗಿ ಬಾಧಿಸಿರಲಿಕ್ಕಿಲ್ಲ. ಕುಳಿತು ಕೆಲಸ ಮಾಡುವ, ರಕ್ತದೊತ್ತಡ ಇರುವ ಇಂದಿನವರಿಗೆ ಅದು ಹೊರೆ. ಉಪ್ಪಡಚ್ಚಿಲನ್ನು ಕೆಲವು ಗಂಟೆ ನೆನೆಸಿ ನೀರು ಬದಲಿಸಿ ಹಿಂಡಿದ ಮೇಲೆ ಪಲ್ಯ ಮಾಡುವುದು, ಒಣಮೀನನ್ನು ಬಿಸಿನೀರಿನಲ್ಲಿ ತೊಳೆದು ಚಟ್ನಿಗೆ ಹಾಕುವುದು, ಆ ದಿನ ಉಪ್ಪಿನಕಾಯಿಯನ್ನು ಬಡಿಸದಿರುವುದು, ಈ ಮೂರರಿಂದ ಬಹಳಷ್ಟು ಉಪ್ಪು ಕಡಿಮೆಯಾಗುತ್ತದೆ. ಕಲ್ಲುಪ್ಪು ನೈಸರ್ಗಿಕ, ಅದರಿಂದ ಒತ್ತಡ ಏರುವುದಿಲ್ಲ ಎಂಬ ಮಾತು ಸುಳ್ಳು. ಅದರಲ್ಲಿರುವುದೂ ಅದೇ ಸೋಡಿಯಂ, ಮತ್ತು ಹಲವು ವೇಳೆ ಥೈರಾಯ್ಡಿಗೆ ಬೇಕಾದ ಅಯೋಡಿನ್ ಇರುವುದಿಲ್ಲ.

ಮೀನಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮಲ್ಪೆಯಲ್ಲಿ, ಮಂಗಳೂರಿನ ದಕ್ಕೆಯಲ್ಲಿ ಕಡಿಮೆ ಬೆಲೆಗೆ ಸಿಗುವ ಬೂತಾಯಿ, ಬಂಗುಡೆಗಳಲ್ಲಿಯೇ ಹೃದಯಕ್ಕೆ ಹಿತವಾದ ಒಮೆಗಾ-3 ಕೊಬ್ಬು ಚೆನ್ನಾಗಿದೆ. ದುಬಾರಿ ಅಂಜಲ್ ಮೀನಿಗಾಗಿ ಕಾಯಬೇಕಿಲ್ಲ. ರವೆಯಲ್ಲಿ ಹೊರಳಿಸಿ ಎಣ್ಣೆಯಲ್ಲಿ ಹುರಿಯುವುದಕ್ಕಿಂತ ಪುಳಿಮುಂಚಿ, ಗಸಿ ಮಾಡುವುದು ಮೇಲು. ತೆಂಗಿನಕಾಯಿಯ ತುರಿಯಲ್ಲಿ ನಾರೂ ಇದೆ, ಕೊಬ್ಬೂ ಇದೆ. ತೆಂಗಿನೆಣ್ಣೆಯಲ್ಲಿ ನಾರಿಲ್ಲ, ಅದರ ಕೊಬ್ಬಿನಲ್ಲಿ ನೂರಕ್ಕೆ ಸುಮಾರು ತೊಂಬತ್ತು ಪಾಲು ಸ್ಯಾಚುರೇಟೆಡ್ ಬಗೆಯದು. ಒಗ್ಗರಣೆಗೆ ಸಾಕು, ಬೆಳಿಗ್ಗೆ ಚಮಚದಲ್ಲಿ ಕುಡಿಯುವ ಹೊಸ ಅಭ್ಯಾಸ ಬೇಡ.

ಇಷ್ಟೆಲ್ಲ ಸರಿಯಾಗಿದ್ದರೂ ಒಂದು ದೊಡ್ಡ ಬದಲಾವಣೆಯನ್ನು ನಮ್ಮ ಊಟ ಇನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಏಣೆಲ್, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆಯುತ್ತಿದ್ದ ಕಾಲದಲ್ಲಿ ನೇಜಿ ನೆಟ್ಟು, ಬಾವಿಯಿಂದ ನೀರು ಸೇದಿ, ತಲೆಹೊರೆಯಲ್ಲಿ ಗುಡ್ಡ ಹತ್ತುತ್ತಿದ್ದವರಿಗೆ ಬೇಕಾಗಿದ್ದ ಅನ್ನದ ರಾಶಿ, ಕಂಪ್ಯೂಟರಿನ ಮುಂದೆ ಕುಳಿತು ಸ್ಕೂಟರಿನಲ್ಲಿ ಮನೆಗೆ ಬರುವ ನಮ್ಮ ಬಾಳೆಲೆಯಲ್ಲಿ ಹಾಗೆಯೇ ಉಳಿದಿದೆ. ದುಡಿಯುವ ಸ್ನಾಯು ರಕ್ತದ ಗ್ಲೂಕೋಸನ್ನು ಇನ್ಸುಲಿನ್ನಿಗೆ ಹೆಚ್ಚು ಕಾಯದೆಯೇ ಒಳಗೆ ಎಳೆದುಕೊಳ್ಳುತ್ತದೆ. ಸುಮ್ಮನಿರುವ ಸ್ನಾಯುವಿಗೆ ಅದು ಸಾಧ್ಯವಿಲ್ಲ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಸಾವಕಾಶವಾಗಿ ನಡೆದರೂ ಊಟದ ನಂತರದ ಸಕ್ಕರೆಯ ಏರಿಕೆ ತಗ್ಗುವುದು ಈ ಕಾರಣಕ್ಕೆ. ಅದಕ್ಕೆ ಬೆಳಗಿನ ಐದು ಗಂಟೆಯೂ ಬೇಡ, ಬೂಟೂ ಬೇಡ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ನಮ್ಮ ಊರಿನಲ್ಲಿ ನಾಲ್ಕು ತಿಂಗಳು ಹೊರಗೆ ನಡೆಯುವುದು ಕಷ್ಟವೆಂಬುದು ನಿಜ. ಮನೆಯ ಚಾವಡಿಯಲ್ಲಿ ಆ ಕೊನೆಯಿಂದ ಈ ಕೊನೆಗೆ, ಫ್ಲ್ಯಾಟಿನವರು ಮೆಟ್ಟಿಲು ಸಾಲಿನಲ್ಲಿ, ನಡೆಯಬಹುದು. ಸ್ನಾಯುವಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಬಾಳೆಲೆಯ ಪಾಲನ್ನೂ ಬದಲಿಸಬೇಕು. ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ತಟ್ಟೆಯ ಅರ್ಧಭಾಗ ತರಕಾರಿ, ಸೊಪ್ಪು, ಹಣ್ಣುಗಳಿಗೆ ಮೀಸಲು. ನಮ್ಮಲ್ಲಿ ಪಲ್ಯ ಎಂದರೆ ಬಾಳೆಲೆಯ ತುದಿಯಲ್ಲಿ ಬಡಿಸುವ ಎರಡು ಚಮಚ. ಅನ್ನ ನಡುವಿನ ರಾಶಿ. ಇವೆರಡೂ ಜಾಗ ಬದಲಿಸಿಕೊಂಡರೆ ಹೆಚ್ಚಿನ ಕೆಲಸ ಮುಗಿಯುತ್ತದೆ. ಮಟ್ಟುಗುಳ್ಳ ಬದನೆಯ ಕೊದ್ದೆಲಿನಲ್ಲಿ ಹೋಳುಗಳನ್ನೇ ಹೆಚ್ಚಾಗಿ ಹಾಕಿಸಿಕೊಳ್ಳುವುದು, ತೊಂಡೆ, ಹೀರೆ, ಬಾಳೆದಿಂಡಿನ ಪಲ್ಯವನ್ನು ಒಂದು ಬಟ್ಟಲು ಮೊದಲು ತಿಂದು ಆಮೇಲೆ ಅನ್ನಕ್ಕೆ ಕೈಹಾಕುವುದು, ಎರಡನೆಯ ಸಲ ಬಡಿಸುವಾಗ ಅನ್ನದ ಬದಲು ಪಲ್ಯವನ್ನು ಕೇಳುವುದು ಯಾವ ಮನೆಯಲ್ಲಿಯೂ ಸಾಧ್ಯ. ನಾರು ಮತ್ತು ಪ್ರೋಟೀನು ಮೊದಲು ಹೊಟ್ಟೆಗೆ ಇಳಿದಿದ್ದರೆ ಅನ್ನದ ಪಿಷ್ಟ ನಿಧಾನವಾಗಿ ಮುಂದೆ ಸಾಗುತ್ತದೆ. ರಾತ್ರಿಯ ಊಟವನ್ನು ಮಲಗುವ ಎರಡು ಮೂರು ಗಂಟೆ ಮೊದಲೇ ಮುಗಿಸುವುದರಿಂದ ಹುಳಿತೇಗು ಕಡಿಮೆಯಾಗುತ್ತದೆ, ನಿದ್ದೆಯೂ ಚೆನ್ನಾಗಿ ಬರುತ್ತದೆ.

ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಮಾತ್ರ ಬೇರೆ ಲೆಕ್ಕ ಇದೆ. ಸಕ್ಕರೆಯ ಮಾತ್ರೆ ಅಥವಾ ಇನ್ಸುಲಿನ್ ಇದ್ದು ಅದರ ಜೊತೆಗೆ ಮೆಂತೆ, ಹಾಗಲಕಾಯಿಯ ರಸವನ್ನು ದಿನಾ ಕುಡಿಯತೊಡಗಿದರೆ, ಅಥವಾ ಅನ್ನವನ್ನು ಒಮ್ಮೆಲೇ ಅರ್ಧಕ್ಕೆ ಇಳಿಸಿದರೆ, ಸಕ್ಕರೆ ತೀರಾ ಕೆಳಗಿಳಿದು ಕೈಕಾಲು ನಡುಗಿ ಬೆವರಬಹುದು. ಔಷಧದ ಪ್ರಮಾಣವನ್ನು ವೈದ್ಯರು ಅದಕ್ಕೆ ತಕ್ಕಂತೆ ಬದಲಿಸಬೇಕಾಗುತ್ತದೆ. ಮೂತ್ರಪಿಂಡ ದುರ್ಬಲವಾದವರಿಗೆ ಬೊಂಡ, ಅಂದರೆ ಎಳನೀರು ಕೂಡ ಎಣಿಸಿ ಕುಡಿಯಬೇಕಾದ ಪಾನೀಯ, ಏಕೆಂದರೆ ಅದರಲ್ಲಿರುವ ಪೊಟ್ಯಾಸಿಯಂ ದೇಹದಿಂದ ಹೊರಹೋಗದೆ ಉಳಿದರೆ ಹೃದಯದ ಬಡಿತ ತಪ್ಪುತ್ತದೆ. ವೈದ್ಯರು "ಯಾವ ಔಷಧ ತೆಗೆದುಕೊಳ್ಳುತ್ತೀರಿ?" ಎಂದು ಕೇಳಿದಾಗ ನಮ್ಮವರು ಮಾತ್ರೆಗಳ ಹೆಸರನ್ನು ಮಾತ್ರ ಹೇಳುತ್ತಾರೆ, ಬೆಳಗಿನ ಕಷಾಯ ಅವರ ಲೆಕ್ಕದಲ್ಲಿ ಔಷಧವಲ್ಲ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಕಷಾಯದ ಪುಡಿಯ ಡಬ್ಬಿಯನ್ನೂ ಮಾತ್ರೆಗಳ ಚೀಲದಲ್ಲಿಯೇ ಹಾಕಿಕೊಂಡು ಹೋಗಿ, ಮೇಜಿನ ಮೇಲೆ ಇಟ್ಟು ತೋರಿಸಿ.